ಬಿಡಿಸದ ಲೆಕ್ಕ: ಮ್ಯೂನಿಕ್ ಸಂಸ್ಥೆಯ ಸೋಮರ್‌ಫೆಲ್ಡ್ ಮೇಷ್ಟರು ಮತ್ತು ಅವರ ವಿದ್ಯಾರ್ಥಿಗಳು

ನಮ್ಮ ಬಿ.ಎಸ್‌ಸಿ. ಭೌತಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಆರ್ನಾಲ್ಡ್ ಸೋಮರ್‌ಫೆಲ್ಡರಿಗೆ ಸಿಗುವ ಜಾಗ ಒಂದೆರಡು ಪುಟ. ಬೋರ್ ಹೇಳಿದ ವೃತ್ತಾಕಾರದ ಕಕ್ಷೆಗಳನ್ನು ಇವರು ದೀರ್ಘವೃತ್ತಗಳಿಗೆ ಹಿಗ್ಗಿಸಿದರು, ಸಾಪೇಕ್ಷತೆಯ ತಿದ್ದುಪಡಿ ಸೇರಿಸಿದರು, ಹೈಡ್ರೋಜನ್ ರೋಹಿತದ ಸೂಕ್ಷ್ಮ ರಚನೆಯನ್ನು ವಿವರಿಸಿದರು ಎಂದು ಓದುತ್ತೇವೆ. ಮುಂದಿನ ಅಧ್ಯಾಯದಲ್ಲಿ ಶ್ರೋಡಿಂಗರ್ ಬರುವ ಹೊತ್ತಿಗೆ ಆ ದೀರ್ಘವೃತ್ತಗಳೂ ಅವುಗಳೊಂದಿಗೆ ಸೋಮರ್‌ಫೆಲ್ಡರೂ ಹಿಂದೆ ಸರಿದಿರುತ್ತಾರೆ. ಕ್ವಾಂಟಮ್ ಯಂತ್ರವಿಜ್ಞಾನಕ್ಕೆ ನೂರು ತುಂಬಿದ ನೆನಪಿಗೆಂದು ವಿಶ್ವಸಂಸ್ಥೆ 2025ನ್ನು ಅಂತರರಾಷ್ಟ್ರೀಯ ವರ್ಷವಾಗಿ ಸಾರಿತು. ಅದೇ ನೆನಪಿನ ಈ ಸಂಚಿಕೆಯಲ್ಲಿ 1925ರ ಹೈಸೆನ್‌ಬರ್ಗ್, ಪೌಲಿ, ಬೋರ್ ಮುಂತಾದವರ ಬಗ್ಗೆ ಬರೆಯುವವರು ಇದ್ದೇ ಇರುತ್ತಾರೆ. ನಾನು ಆರಿಸಿಕೊಂಡಿರುವುದು ಅವರಲ್ಲಿ ಇಬ್ಬರು ಕಲಿತು ಹೊರಬಂದ ಒಂದು ಸಂಸ್ಥೆಯನ್ನು, ಮ್ಯೂನಿಕ್ ವಿಶ್ವವಿದ್ಯಾಲಯದ ಸೈದ್ಧಾಂತಿಕ ಭೌತಶಾಸ್ತ್ರ ಸಂಸ್ಥೆಯನ್ನು. ಅದರ ಚರಿತ್ರೆಯನ್ನು ಬರೆಯಲು ನಾನು ಮುಖ್ಯವಾಗಿ ನೆಚ್ಚಿಕೊಂಡಿರುವುದು ಅಲ್ಲಿ ಓದಿದ ವಿದ್ಯಾರ್ಥಿಗಳು ತಮ್ಮ ಮೇಷ್ಟರ ಬಗ್ಗೆ ಬಿಟ್ಟುಹೋದ ಅಭಿಪ್ರಾಯಗಳನ್ನು. ಆ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಂಡದ್ದು ಇದು: ಅವರು ಹೊಗಳುತ್ತಿದ್ದುದು ಮೇಷ್ಟರ ಮೃದುತನವನ್ನಲ್ಲ. ತಮಗೇ ಉತ್ತರ ಗೊತ್ತಿಲ್ಲದ ಲೆಕ್ಕವನ್ನು ಹದಿನೆಂಟು ಇಪ್ಪತ್ತರ ಹುಡುಗರ ಕೈಗೆ ಕೊಟ್ಟು, ಅವರು ತಂದ ಉತ್ತರವನ್ನು ಸಮಾನರ ಮಾತಿನಂತೆ ಕೇಳಿದ ಒಂದು ಪದ್ಧತಿಯನ್ನು ಅವರು ಹೊಗಳುತ್ತಿದ್ದರು. ಮ್ಯೂನಿಕ್ ಸಂಸ್ಥೆ ಎಂದರೆ ಈ ಪದ್ಧತಿಯೇ ಹೊರತು ಕಟ್ಟಡವಲ್ಲ, ಪೀಠವೂ ಅಲ್ಲ.

ಪೀಠದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಬೋಲ್ಟ್ಸ್‌ಮನ್ 1894ರಲ್ಲಿ ಮ್ಯೂನಿಕ್ ಬಿಟ್ಟುಹೋದ ಮೇಲೆ ಅಲ್ಲಿನ ಸೈದ್ಧಾಂತಿಕ ಭೌತಶಾಸ್ತ್ರದ ಪೀಠ ಹನ್ನೆರಡು ವರ್ಷ ಖಾಲಿ ಬಿದ್ದಿತ್ತು. ಪ್ರಯೋಗ ವಿಭಾಗದ ಮುಖ್ಯಸ್ಥರಾಗಿದ್ದ ರಾಂಟ್‌ಜನ್ ಒತ್ತಾಯಿಸಿದ್ದರಿಂದ 1906ರಲ್ಲಿ ಸೋಮರ್‌ಫೆಲ್ಡ್ ಅಲ್ಲಿಗೆ ಬಂದರು. ಆಗ ಅವರ ವಯಸ್ಸು 37. ಹುಟ್ಟಿದ್ದು ಕೋನಿಗ್ಸ್‌ಬರ್ಗ್‌ನಲ್ಲಿ, ಓದಿದ್ದು ಗಣಿತ. ಗೊಟಿಂಗೆನ್‌ನಲ್ಲಿ ಫೆಲಿಕ್ಸ್ ಕ್ಲೈನ್ ಬಳಿ ಸಹಾಯಕರಾಗಿ ಪಳಗಿ, ಕ್ಲಾಸ್ತಾಲ್ ಗಣಿ ಅಕಾಡೆಮಿಯಲ್ಲಿ, ಆಮೇಲೆ ಆಹೆನ್ ಪಟ್ಟಣದ ತಾಂತ್ರಿಕ ವಿದ್ಯಾಲಯದಲ್ಲಿ ಪಾಠ ಹೇಳಿದ್ದರು. ಗಣಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸಿದ ಈ ಒಂಬತ್ತು ವರ್ಷಗಳನ್ನು ಚರಿತ್ರೆಕಾರರು ಪೀಠಿಕೆಯಂತೆ ದಾಟಿಬಿಡುವುದುಂಟು. ನನ್ನ ಎಣಿಕೆಯಲ್ಲಿ ಮೇಷ್ಟರು ತಯಾರಾದದ್ದೇ ಅಲ್ಲಿ. ಆಹೆನ್‌ನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುತ್ತಿದ್ದ ಪೀಟರ್ ಡಿಬೈ ಎಂಬ ಡಚ್ ಹುಡುಗನನ್ನು ಗುರುತಿಸಿ, ಸಹಾಯಕನನ್ನಾಗಿ ಮಾಡಿಕೊಂಡು, ಮ್ಯೂನಿಕ್ಕಿಗೂ ಕರೆತಂದರು. ತಮ್ಮ ದೊಡ್ಡ ಶೋಧ ಯಾವುದೆಂದರೆ ಡಿಬೈ ಎಂದು ಅವರು ಹೇಳುತ್ತಿದ್ದರಂತೆ. ಡಿಬೈಗೆ 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಮ್ಯೂನಿಕ್ಕಿನಲ್ಲಿ ಕಲಿಕೆಯ ಏರ್ಪಾಡು ಹೇಗಿತ್ತು ಎನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಏಕೆಂದರೆ ಮೇಷ್ಟರ ಬೆಂಬಲ ಎಂಬ ಮಾತನ್ನು ನಾವು ಸ್ವಭಾವದ ಗುಣವಾಗಿ ಎಣಿಸುತ್ತೇವೆ. ಇಲ್ಲಿ ಅದು ವೇಳಾಪಟ್ಟಿಯಲ್ಲೇ ಇತ್ತು. ಮುಖ್ಯ ಉಪನ್ಯಾಸಗಳು ವಾರಕ್ಕೆ ನಾಲ್ಕು ಗಂಟೆ, ಆರು ಸೆಮಿಸ್ಟರ್‌ಗಳ ಒಂದು ಸುತ್ತು: ಯಂತ್ರವಿಜ್ಞಾನ, ಆಕಾರ ಬದಲಿಸುವ ಕಾಯಗಳ ಯಂತ್ರವಿಜ್ಞಾನ, ವಿದ್ಯುತ್ ಚಲನಶಾಸ್ತ್ರ, ದ್ಯುತಿಶಾಸ್ತ್ರ, ಉಷ್ಣಶಾಸ್ತ್ರ, ಕೊನೆಗೆ ಭೌತಶಾಸ್ತ್ರದ ಆಂಶಿಕ ಅವಕಲ ಸಮೀಕರಣಗಳು. ಅದರ ಜೊತೆಗೆ ಲೆಕ್ಕಗಳನ್ನು ಬಿಡಿಸುವ ಅಭ್ಯಾಸ ತರಗತಿ. ಮನೆಯಲ್ಲಿ ಮಾಡಿ ತಂದ ಲೆಕ್ಕಗಳನ್ನು ತಿದ್ದಿ ಕೊಡಲಾಗುತ್ತಿತ್ತು. ತಿದ್ದುವವರಲ್ಲಿ ಒಂದು ಕಾಲಕ್ಕೆ ವೋಲ್ಫ್‌ಗಾಂಗ್ ಪೌಲಿಯೂ ಇದ್ದರು, ಅವರು ತಿದ್ದಿದ ಹಾಳೆಗಳಲ್ಲಿ ಹೈಸೆನ್‌ಬರ್ಗ್‌ರದೂ ಇತ್ತು. ಇದು ತಳಪಾಯ. ಇದರ ಮೇಲೆ ಮುಂದುವರಿದವರಿಗಾಗಿ ಪ್ರತ್ಯೇಕ ಉಪನ್ಯಾಸ, ಆ ಸೆಮಿಸ್ಟರ್‌ನಲ್ಲಿ ಮೇಷ್ಟರೇ ತಲೆಕೆಡಿಸಿಕೊಂಡಿದ್ದ ವಿಷಯದ ಮೇಲೆ. ಅದರ ಮೇಲೆ ಸೆಮಿನಾರ್, ಅಲ್ಲಿ ವಿದ್ಯಾರ್ಥಿಗಳೇ ಹೊಸ ಲೇಖನಗಳನ್ನು ಓದಿಕೊಂಡು ಬಂದು ವಿವರಿಸಬೇಕು. ಹಾನ್ಸ್ ಬೆಥೆ 1926ರ ವಸಂತದಲ್ಲಿ ಮ್ಯೂನಿಕ್ಕಿಗೆ ಬಂದಾಗ ಶ್ರೋಡಿಂಗರರ ತರಂಗ ಯಂತ್ರವಿಜ್ಞಾನದ ಲೇಖನಗಳು ಆಗಷ್ಟೇ ಬರುತ್ತಿದ್ದವು. ಸೆಮಿನಾರಿನಲ್ಲಿ ಅವುಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಒಬ್ಬೊಬ್ಬರೂ ಒಂದೊಂದು ಭಾಗವನ್ನು ಮಂಡಿಸುವಂತೆ ಮಾಡಿದ್ದನ್ನು ಬೆಥೆ ಕೊನೆಯವರೆಗೂ ನೆನೆಯುತ್ತಿದ್ದರು. ಹತ್ತೊಂಬತ್ತರ ಹುಡುಗನಿಗೆ ಅದು ಪಠ್ಯವಾಗಿರಲಿಲ್ಲ, ಸುದ್ದಿಯಾಗಿತ್ತು. ತರಗತಿಯ ಹೊರಗೂ ಮಾತು ಮುಂದುವರಿಯುತ್ತಿತ್ತು: ಹೋಫ್‌ಗಾರ್ಟನ್ ಉದ್ಯಾನದ ಕಾಫಿ ಅಂಗಡಿಯ ಅಮೃತಶಿಲೆಯ ಮೇಜುಗಳ ಮೇಲೆ ಸೂತ್ರಗಳನ್ನು ಗೀಚುವುದು, ಚಳಿಗಾಲದಲ್ಲಿ ಬವೇರಿಯಾದ ಬೆಟ್ಟಗಳಲ್ಲಿ ಮೇಷ್ಟರೊಂದಿಗೆ ಸ್ಕೀಯಿಂಗ್ ಹೋಗುವುದು. ಅಲ್ಲಿನ ಗುಡಿಸಲಿನ ಪಾಲುದಾರ ಯಾರೆಂದರೆ ಸಂಸ್ಥೆಯ ಮೆಕ್ಯಾನಿಕ್ ಕಾರ್ಲ್ ಸೆಲ್ಮೈರ್. ಪ್ರೊಫೆಸರರಿಗೂ ಉಳಿದವರಿಗೂ ನಡುವೆ ಅಷ್ಟು ಎತ್ತರದ ಗೋಡೆ ಇದ್ದ ಆ ಕಾಲದ ಜರ್ಮನಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಈಗ ವಿದ್ಯಾರ್ಥಿಗಳ ಮಾತಿಗೆ ಬರೋಣ. ಪಾಲ್ ಎವಾಲ್ಡ್ ಪಿಎಚ್.ಡಿ.ಗೆ ವಿಷಯ ಕೇಳಲು ಹೋದಾಗ ಸೋಮರ್‌ಫೆಲ್ಡ್ ಸುಮಾರು ಹತ್ತು ವಿಷಯಗಳ ಪಟ್ಟಿಯೊಂದನ್ನು ಮುಂದಿಟ್ಟರು. ಪಟ್ಟಿಯ ಕೊನೆಯದು, ಸ್ಫಟಿಕದೊಳಗೆ ಜಾಲರಿಯಂತೆ ಜೋಡಣೆಗೊಂಡ ಕಂಪಕಗಳ ದ್ಯುತಿಗುಣಗಳ ಬಗ್ಗೆ. ಅದನ್ನು ಪಟ್ಟಿಗೆ ಸೇರಿಸಲೇ ತಾವು ಹಿಂಜರಿದುದಾಗಿ, ಅದನ್ನು ಹೇಗೆ ಬಿಡಿಸಬೇಕೆಂದು ತಮಗೆ ಸ್ಪಷ್ಟವಿಲ್ಲವೆಂದು, ಬೇರೆಯದನ್ನು ಆರಿಸಿದರೆ ಹೆಚ್ಚು ನೆರವಾಗಬಲ್ಲೆನೆಂದು ಮೇಷ್ಟರು ಎಚ್ಚರಿಸಿದರು. ಎವಾಲ್ಡ್ ಅದನ್ನೇ ಆರಿಸಿಕೊಂಡರು, ಮೇಷ್ಟರು ತಡೆಯಲಿಲ್ಲ. ಆ ಪ್ರಬಂಧ ಮುಗಿಯುತ್ತಿದ್ದ 1912ರ ಆರಂಭದಲ್ಲಿ ಎವಾಲ್ಡ್ ಒಂದು ಸಂದೇಹ ಹಿಡಿದು ಅದೇ ಸಂಸ್ಥೆಯ ಉಪನ್ಯಾಸಕ ಮಾಕ್ಸ್ ಫಾನ್ ಲೌವೆ ಅವರ ಬಳಿ ಹೋದರು. ಕಂಪಕಗಳ ನಡುವಿನ ಅಂತರ ಎಷ್ಟು, ಅದಕ್ಕಿಂತ ಕಿರಿದಾದ ಅಲೆಗಳು ಸ್ಫಟಿಕದ ಮೂಲಕ ಹಾದರೆ ಏನಾಗುತ್ತದೆ ಎಂಬ ಲೌವೆ ಅವರ ಪ್ರಶ್ನೆ ಆ ಮಾತುಕತೆಯಲ್ಲಿ ಹುಟ್ಟಿತು. ವಸಂತದಲ್ಲಿ ಫ್ರೀಡ್ರಿಷ್ ಮತ್ತು ಕ್ನಿಪ್ಪಿಂಗ್ ಪ್ರಯೋಗ ಮಾಡಿ ಎಕ್ಸ್ ಕಿರಣಗಳ ವಿವರ್ತನೆಯನ್ನು ಛಾಯಾಫಲಕದ ಮೇಲೆ ಹಿಡಿದರು. ಡಿ.ಎನ್.ಎ.ಯ ರಚನೆಯವರೆಗೆ ಹೋಗುವ ದಾರಿಯ ಮೊದಲ ಮೈಲಿಗಲ್ಲು ಅದು. ಪಟ್ಟಿಯ ಕಥೆ ನಮಗೆ ಗೊತ್ತಿರುವುದು ಎವಾಲ್ಡ್ ಐವತ್ತು ವರ್ಷಗಳ ನಂತರ ಬರೆದ ನೆನಪಿನಿಂದ. ಅದರಲ್ಲಿ ನನ್ನ ಗಮನ ಸೆಳೆಯುವುದು ಮೇಷ್ಟರು ತಮ್ಮ ಅಜ್ಞಾನವನ್ನು ಶಿಷ್ಯನ ಮುಂದೆ ಒಪ್ಪಿಕೊಂಡ ರೀತಿ. ಗೊತ್ತಿಲ್ಲ ಎನ್ನುವುದು ಅಲ್ಲಿ ವಿಷಯವನ್ನು ಮುಚ್ಚಿಡಲು ಕಾರಣವಾಗಲಿಲ್ಲ. ಹಾಗೆಂದು ಬೆಂಬಲಕ್ಕೆ ಮಿತಿ ಇರಲಿಲ್ಲವೆಂದೂ ಅಲ್ಲ. ಲೌವೆ ಸೂಚಿಸಿದ ಪ್ರಯೋಗದ ಬಗ್ಗೆ ಸೋಮರ್‌ಫೆಲ್ಡರಿಗೆ ಮೊದಲು ನಂಬಿಕೆ ಬರಲಿಲ್ಲ. ಪರಮಾಣುಗಳ ಉಷ್ಣ ಚಲನೆ ಜಾಲರಿಯ ಕ್ರಮವನ್ನು ಅಳಿಸಿಹಾಕುತ್ತದೆ ಎಂದು ಅವರ ವಾದ. ತಮ್ಮ ಸಹಾಯಕ ಫ್ರೀಡ್ರಿಷ್‌ಗೆ ಬೇರೆ ಕೆಲಸ ಒಪ್ಪಿಸಿದ್ದರು. ಫಲಿತಾಂಶ ಕಣ್ಣಿಗೆ ಬಿದ್ದ ಮೇಲೆ ಅದೇ ಜೂನ್‌ನಲ್ಲಿ ಬವೇರಿಯಾ ಅಕಾಡೆಮಿಯ ಮುಂದೆ ಆ ಲೇಖನವನ್ನು ಇಟ್ಟವರೂ ಅವರೇ.

ಹೈಸೆನ್‌ಬರ್ಗ್‌ರ ಸಾಕ್ಷ್ಯ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಅವರು 1920ರಲ್ಲಿ ಮೊದಲು ಹೋದದ್ದು ಗಣಿತದ ಲಿಂಡೆಮನ್ ಅವರ ಬಳಿ. ಸಾಪೇಕ್ಷತೆಯ ಕುರಿತ ವೈಲ್ ಅವರ ಪುಸ್ತಕ ಓದಿದ್ದೇನೆ ಎಂದೊಡನೆ ಆ ವೃದ್ಧರು ನೀನು ಗಣಿತಕ್ಕೆ ಆಗಲೇ ಕೆಟ್ಟುಹೋದವನು ಎಂದು ಕಳುಹಿಸಿಬಿಟ್ಟರು. ಅದೇ ಪುಸ್ತಕದ ಹೆಸರು ಕೇಳಿದ ಸೋಮರ್‌ಫೆಲ್ಡ್ ಹುಡುಗ ಅತಿ ಕಷ್ಟದ್ದರಿಂದ ಶುರುಮಾಡಿದ್ದಾನೆಂದು ಎಚ್ಚರಿಸಿ, ತಳಪಾಯದ ಲೆಕ್ಕಗಳನ್ನು ಬಿಡದೆ ಮಾಡಬೇಕೆಂದು ಹೇಳಿ, ಮೊದಲ ಸೆಮಿಸ್ಟರ್‌ನಲ್ಲೇ ಸೆಮಿನಾರಿಗೂ ಸೇರಿಸಿಕೊಂಡರು. ಗಿಡ್ಡ ದೇಹ, ಸೈನಿಕನಂಥ ಮೀಸೆ, ನೋಡಲು ಗಡಸು, ಮಾತು ಶುರುವಾದ ಕೂಡಲೇ ಹಿರಿಯರ ವಾತ್ಸಲ್ಯ: ಹೈಸೆನ್‌ಬರ್ಗ್ ತಮ್ಮ ಆತ್ಮಕಥನದಲ್ಲಿ ಕೊಡುವ ಚಿತ್ರ ಹೆಚ್ಚುಕಡಿಮೆ ಹೀಗಿದೆ. ಕೆಲವೇ ವಾರಗಳಲ್ಲಿ ಝೀಮನ್ ಪರಿಣಾಮದ ಹೊಸ ಅಳತೆಗಳನ್ನು ಈ ಹುಡುಗನ ಕೈಗೆ ಕೊಟ್ಟು, ಇವಕ್ಕೆ ಹೊಂದುವ ಕ್ವಾಂಟಮ್ ಸಂಖ್ಯೆಗಳನ್ನು ಹುಡುಕು ಎಂದರು. ಹುಡುಗ ತಂದ ಉತ್ತರದಲ್ಲಿ ಅರ್ಧ ಸಂಖ್ಯೆಗಳಿದ್ದವು. ಕ್ವಾಂಟಮ್ ಸಂಖ್ಯೆ ಪೂರ್ಣಾಂಕವಾಗಿರಬೇಕೆಂದು ನಂಬಿದ್ದ ಸೋಮರ್‌ಫೆಲ್ಡ್ ಬೆಚ್ಚಿದರು. ಇವತ್ತು ಅರ್ಧ ಬಂದರೆ ನಾಳೆ ಕಾಲು, ನಾಡಿದ್ದು ಅರೆಕಾಲು ಬರುತ್ತದೆ ಎಂದು ಪೌಲಿ ಛೇಡಿಸಿದರು. ಆದರೂ ವಿಷಯವನ್ನು ಯಾರೂ ಹೂತುಹಾಕಲಿಲ್ಲ. ಎರಡನೆಯ ವರ್ಷದಲ್ಲೇ, ಇಪ್ಪತ್ತರ ವಯಸ್ಸಿಗೆ, ಹೈಸೆನ್‌ಬರ್ಗ್‌ರ ಮೊದಲ ಲೇಖನ ಪ್ರಕಟಣೆಗೆ ಹೋಯಿತು. ಮೇಷ್ಟರು ಒಪ್ಪದಿದ್ದ ಒಂದು ವಿಚಾರಕ್ಕೆ ಅವರ ಸಂಸ್ಥೆಯಿಂದಲೇ ಹೊರಬೀಳುವ ದಾರಿ ಇತ್ತು. 1922ರ ಜೂನ್‌ನಲ್ಲಿ ಗೊಟಿಂಗೆನ್‌ನಲ್ಲಿ ಬೋರ್ ಉಪನ್ಯಾಸ ಮಾಲೆ ಕೊಟ್ಟಾಗ ಹುಡುಗನನ್ನು ಜೊತೆಗೆ ಕರೆದೊಯ್ದವರು ಸೋಮರ್‌ಫೆಲ್ಡ್. ಅಲ್ಲಿ ಎದ್ದು ಬೋರ್‌ರನ್ನು ಪ್ರಶ್ನಿಸಿದ ಹೈಸೆನ್‌ಬರ್ಗ್‌ರಿಗೆ ಬೋರ್‌ರ ಪರಿಚಯವಾಯಿತು. ಅದೇ ಚಳಿಗಾಲ ತಾವು ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಬೇಕಾಗಿ ಬಂದಾಗ ಹುಡುಗನನ್ನು ಮಾಕ್ಸ್ ಬಾರ್ನ್ ಬಳಿ ಕಳುಹಿಸಿದರು. ಶಿಷ್ಯನನ್ನು ಇನ್ನೊಬ್ಬ ಗುರುವಿಗೆ ಒಪ್ಪಿಸುವುದಕ್ಕೆ ತನ್ನ ಹೆಸರಿನ ಆಸೆ ಕಡಿಮೆ ಇರಬೇಕು. ಸೋಮರ್‌ಫೆಲ್ಡರಿಂದ ಆಶಾವಾದವನ್ನು, ಗೊಟಿಂಗೆನ್‌ನವರಿಂದ ಗಣಿತವನ್ನು, ಬೋರ್‌ರಿಂದ ಭೌತಶಾಸ್ತ್ರವನ್ನು ಕಲಿತೆ ಎಂಬ ಅರ್ಥದ ಮಾತು ಹೈಸೆನ್‌ಬರ್ಗ್‌ರದೆಂದು ಹೇಳುತ್ತಾರೆ. ಇದು ಮೇಷ್ಟರನ್ನು ಕೊಂಚ ಕೆಳಗಿಳಿಸುವ ಮಾತು ಎಂದು ಕೆಲವರು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಇಪ್ಪತ್ತರ ಹುಡುಗ ತನ್ನಿಂದ ಇದು ಸಾಧ್ಯ ಎಂದು ಕಲಿಯದೆ ಹೋದರೆ ಉಳಿದೆರಡನ್ನು ಕಲಿಯಲು ಹೊರಡುವುದೇ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದೂ ಅಲ್ಲ. ಮೇಷ್ಟರನ್ನು ಹೊಗಳಿದವರೆಲ್ಲ ಗೆದ್ದವರು; ಡಿಬೈ, ಹೈಸೆನ್‌ಬರ್ಗ್, ಪೌಲಿ, ಬೆಥೆ ಎಂಬ ನಾಲ್ವರು ಪಿಎಚ್.ಡಿ. ಶಿಷ್ಯರಿಗೆ ನೊಬೆಲ್ ಬಂತು. ಗೆದ್ದವರು ಹಿಂದಿರುಗಿ ನೋಡಿದಾಗ ಬೆಟ್ಟ ನುಣ್ಣಗೆ ಕಾಣುವುದು ಸಹಜ. ನಡುವೆ ಬಿಟ್ಟುಹೋದವರ ಮಾತನ್ನು ಯಾರು ದಾಖಲಿಸಿದರು? ಈ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕಲಾಗದು. ನಾನು ಇಲ್ಲಿ ಹೆಸರಿಸುವ ಶಿಷ್ಯರೆಲ್ಲ ಗಂಡಸರು ಎನ್ನುವುದೂ ಆ ಕಾಲದ ಬಾಗಿಲು ಎಷ್ಟು ಕಿರಿದಾಗಿತ್ತು ಎನ್ನುವುದಕ್ಕೆ ಗುರುತು. ಆದರೆ ಎರಡು ಸಂಗತಿಗಳನ್ನು ತೂಕಕ್ಕೆ ಹಾಕಬೇಕು. ಸೋಮರ್‌ಫೆಲ್ಡ್ ತೀರಿಕೊಂಡದ್ದು 1951ರಲ್ಲಿ. ಕ್ವಾಂಟಮ್ ಭೌತಶಾಸ್ತ್ರದ ಚರಿತ್ರೆಗಾಗಿ ಥಾಮಸ್ ಕೂನ್ ಮತ್ತು ಸಂಗಡಿಗರು ಸುಮಾರು ನೂರು ವಿಜ್ಞಾನಿಗಳನ್ನು ಸಂದರ್ಶಿಸಿದ್ದು 1961ರ ನಂತರ. ಡಿಬೈ, ಎವಾಲ್ಡ್, ಲಾಂಡೆ, ಎಪ್‌ಸ್ಟೈನ್, ಹೈಸೆನ್‌ಬರ್ಗ್, ಬೆಥೆ ಎಲ್ಲರೂ ಅಲ್ಲಿ ಮಾತಾಡಿದರು. ಆ ಹೊತ್ತಿಗೆ ಅವರಿಗೆ ಮೇಷ್ಟರಿಂದ ಶಿಫಾರಸು ಪತ್ರ ಬೇಕಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದವರು ಚರಿತ್ರೆಕಾರರು, ಹೊಗಳಿಕೆಯ ಸಮಾರಂಭ ಅದಾಗಿರಲಿಲ್ಲ. ಎರಡನೆಯದು, ನನಗೆ ಇನ್ನೂ ಮುಖ್ಯವಾಗಿ ಕಾಣುವುದು: ಜಗತ್ಪ್ರಸಿದ್ಧರಾಗದ ಶಿಷ್ಯರು ಏನು ಮಾಡಿದರು ಎನ್ನುವುದು. ಅವರ ಅಭಿಪ್ರಾಯ ಮಾತಿನಲ್ಲಿ ಸಿಗದಿದ್ದರೆ ನಡತೆಯಲ್ಲಿ ಸಿಗುತ್ತದೆ. ಲೆನ್ಸ್ ಹ್ಯಾಂಬರ್ಗ್‌ನಲ್ಲಿ, ಕ್ರಾಟ್ಸರ್ ಮ್ಯೂನ್‌ಸ್ಟರ್‌ನಲ್ಲಿ, ಫೂಸ್ ಹ್ಯಾನೋವರ್‌ನಲ್ಲಿ ಮೇಷ್ಟರಾದರು. ವಿಲ್ಹೆಲ್ಮ್ ಲೆನ್ಸ್ ತಮ್ಮ ವಿದ್ಯಾರ್ಥಿ ಎರ್ನ್ಸ್ಟ್ ಈಸಿಂಗ್‌ಗೆ ಕೊಟ್ಟದ್ದು ತಾವೇ ಬಿಡಿಸದೆ ಇಟ್ಟಿದ್ದ ಲೆಕ್ಕವನ್ನು, ಕಾಂತತ್ವದ ಒಂದು ಸರಳ ಮಾದರಿಯನ್ನು. ಈಸಿಂಗ್ 1924ರಲ್ಲಿ ಅದನ್ನು ಒಂದೇ ಆಯಾಮದಲ್ಲಿ ಬಿಡಿಸಿ, ಅಲ್ಲಿ ಕಾಂತತ್ವ ಹುಟ್ಟುವುದಿಲ್ಲವೆಂದು ತೋರಿಸಿ, ಮುಂದೆ ಸಂಶೋಧನೆಯಿಂದ ದೂರ ಸರಿದು ಶಿಕ್ಷಕರಾದರು. ಇಂದು ಈಸಿಂಗ್ ಮಾದರಿಯ ಹೆಸರು ಕೇಳದ ಭೌತಶಾಸ್ತ್ರದ ಎಂ.ಎಸ್‌ಸಿ. ವಿದ್ಯಾರ್ಥಿ ಇರಲಾರ. ಮ್ಯೂನಿಕ್ಕಿನ ಪದ್ಧತಿಯನ್ನು ಲೆನ್ಸ್ ಮೆಚ್ಚಿರಲಿಲ್ಲವಾದರೆ ಹ್ಯಾಂಬರ್ಗ್‌ನಲ್ಲಿ ಅದನ್ನೇ ನಡೆಸುತ್ತಿರಲಿಲ್ಲ.

ಬಂದ ಹುಡುಗರೇ ಅಸಾಧಾರಣರು, ಮೇಷ್ಟರದು ಬರೀ ಅದೃಷ್ಟ ಎನ್ನುವವರೂ ಇದ್ದಾರೆ. ಪೌಲಿ ಹದಿನೆಂಟನೆಯ ವಯಸ್ಸಿಗೆ ವಿಯೆನ್ನಾದಿಂದ ಬಂದಾಗ ಸಾಮಾನ್ಯ ಸಾಪೇಕ್ಷತೆಯ ಮೇಲೆ ಲೇಖನ ಬರೆದಾಗಿತ್ತು ಎನ್ನುವುದು ನಿಜ. ಆದರೆ ಕ್ಲೈನ್ ಸಂಪಾದಿಸುತ್ತಿದ್ದ ಗಣಿತ ವಿಶ್ವಕೋಶಕ್ಕೆ ಸಾಪೇಕ್ಷತೆಯ ಅಧ್ಯಾಯ ಬೇಕಾದಾಗ ಅದನ್ನು ಪೌಲಿಯ ಹೆಗಲಿಗೆ ಹೊರಿಸಿದ್ದು ಅದೃಷ್ಟವಲ್ಲ, ತೀರ್ಮಾನ. 1921ರಲ್ಲಿ ಅಚ್ಚಾದ ಆ 237 ಪುಟಗಳನ್ನು ಓದಿ ಐನ್‌ಸ್ಟೈನ್ ಬೆರಗಾದರು. ಬರೆದವನಿಗೆ ಆಗ 21. ಅಲ್ಲದೆ 1906ರಲ್ಲಿ ಪ್ರತಿಭಾವಂತರು ಸಾಲುಗಟ್ಟಿ ಬರುವ ಜಾಗ ಮ್ಯೂನಿಕ್ ಆಗಿರಲಿಲ್ಲ. ಪೀಠವೇ ಖಾಲಿ ಇತ್ತು. ಸಾಲು ಶುರುವಾದದ್ದು ಹಿಂದಿನ ಸಾಲಿನವರು ಹೊರಗೆ ಹೋಗಿ ಹೇಳಿದ ಮಾತಿನಿಂದ, ಅಂದರೆ ವಿದ್ಯಾರ್ಥಿಗಳ ಅಭಿಪ್ರಾಯದಿಂದಲೇ. 1920ರ ದಶಕದಲ್ಲಿ ಅಮೆರಿಕದಿಂದ ಲೈನಸ್ ಪಾಲಿಂಗ್, ಎಡ್ವರ್ಡ್ ಕಾಂಡನ್, ರಾಬಿ ಮುಂತಾದವರು ಹುಡುಕಿಕೊಂಡು ಬಂದರು. 1919ರಲ್ಲಿ ಮೊದಲು ಬಂದ ಸೋಮರ್‌ಫೆಲ್ಡರ ‘ಪರಮಾಣು ರಚನೆ ಮತ್ತು ರೋಹಿತ ರೇಖೆಗಳು’ 1921, 1922, 1924ರಲ್ಲಿ ಮತ್ತೆ ಮತ್ತೆ ಪರಿಷ್ಕೃತವಾಯಿತು. ಪ್ರತಿ ಮುದ್ರಣದಲ್ಲೂ ಶಿಷ್ಯರ ಹೊಸ ಫಲಿತಾಂಶಗಳು ಸೇರುತ್ತ ಹೋದವು. ತನ್ನ ಕೆಲಸ ಮೇಷ್ಟರ ಪುಸ್ತಕದಲ್ಲಿ ಬರುತ್ತದೆ ಎಂದು ಗೊತ್ತಿದ್ದ ಹುಡುಗ ಹೇಗೆ ದುಡಿದಿರಬೇಡ!

ಅತಿ ಗಟ್ಟಿಯಾದ ಆಕ್ಷೇಪ 1923ರ ಜುಲೈ 23ರದು. ಅಂದು ಹೈಸೆನ್‌ಬರ್ಗ್‌ರ ಪಿಎಚ್.ಡಿ. ಮೌಖಿಕ ಪರೀಕ್ಷೆ. ಪ್ರಬಂಧ ದ್ರವಗಳ ಹರಿವಿನಲ್ಲಿ ಸುಳಿ ಏಳುವುದರ ಬಗ್ಗೆ. ಕ್ವಾಂಟಮ್ ಗೊಂದಲದಿಂದ ದೂರದ, ಪರೀಕ್ಷಕರು ತಕರಾರು ತೆಗೆಯಲಾಗದ ವಿಷಯವನ್ನು ಸೋಮರ್‌ಫೆಲ್ಡ್ ಬೇಕೆಂದೇ ಆರಿಸಿಕೊಟ್ಟಿದ್ದರು. ರಾಂಟ್‌ಜನ್‌ರ ನಂತರ ಪ್ರಯೋಗ ವಿಭಾಗಕ್ಕೆ ಬಂದಿದ್ದ ವಿಲ್ಹೆಲ್ಮ್ ವೀನ್ ಇನ್ನೊಬ್ಬ ಪರೀಕ್ಷಕರು. ಅವರ ಪ್ರಯೋಗಾಲಯದ ತರಗತಿಯನ್ನು ಹುಡುಗ ಅಷ್ಟಕ್ಕಷ್ಟೇ ಎಂದು ಕಳೆದಿದ್ದ. ವೀನ್ ಫಾಬ್ರಿ–ಪೆರೋ ಉಪಕರಣದ ಪೃಥಕ್ಕರಣ ಸಾಮರ್ಥ್ಯ ಕೇಳಿದರು, ಗೊತ್ತಾಗಲಿಲ್ಲ. ಸೂಕ್ಷ್ಮದರ್ಶಕದ್ದು ಕೇಳಿದರು, ಗೊತ್ತಾಗಲಿಲ್ಲ. ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ ಎಂದರು, ಅದೂ ಬರಲಿಲ್ಲ. ವೀನ್ ನಪಾಸು ಮಾಡಲು ಹೊರಟರು, ಸೋಮರ್‌ಫೆಲ್ಡ್ ಅತ್ಯುತ್ತಮ ದರ್ಜೆಗೆ ನಿಂತರು; ಭೌತಶಾಸ್ತ್ರಕ್ಕೆ ಒಂದೇ ದರ್ಜೆ ಕೊಡಬೇಕಿದ್ದುದರಿಂದ ಇಬ್ಬರದನ್ನೂ ಕೂಡಿ ಭಾಗಿಸಿದಂತೆ ಮೂರನೆಯ ದರ್ಜೆ ಬಂತು. ಆ ಸಂಜೆ ಸೋಮರ್‌ಫೆಲ್ಡ್ ಮನೆಯಲ್ಲಿ ಇಟ್ಟಿದ್ದ ಔತಣದಿಂದ ಹೈಸೆನ್‌ಬರ್ಗ್ ಬೇಗ ಎದ್ದು, ರಾತ್ರಿಯ ರೈಲು ಹಿಡಿದು ಗೊಟಿಂಗೆನ್‌ಗೆ ಹೋಗಿ, ಇನ್ನೂ ನನ್ನನ್ನು ಇಟ್ಟುಕೊಳ್ಳುತ್ತೀರಾ ಎಂದು ಬಾರ್ನ್‌ರನ್ನು ಕೇಳಿದರು. ಬಾರ್ನ್ ಇಟ್ಟುಕೊಂಡರು. ನಾಲ್ಕು ವರ್ಷಗಳ ನಂತರ ಅನಿಶ್ಚಿತತಾ ತತ್ತ್ವದ ಲೇಖನದಲ್ಲಿ ಗಾಮಾ ಕಿರಣದ ಸೂಕ್ಷ್ಮದರ್ಶಕದ ಉದಾಹರಣೆ ಕೊಡುವಾಗ ಹೈಸೆನ್‌ಬರ್ಗ್ ಎಡವಿದ್ದು ಅದೇ ಪೃಥಕ್ಕರಣ ಸಾಮರ್ಥ್ಯದ ಲೆಕ್ಕದಲ್ಲಿ, ತಿದ್ದಿದವರು ಬೋರ್. ಹಾಗಾದರೆ ವೀನ್ ಕೇಳಿದ್ದು ಸರಿಯಾದ ಪ್ರಶ್ನೆಯೇ, ಪ್ರತಿಭೆಯ ಮೇಲಿನ ಪ್ರೀತಿಯಲ್ಲಿ ಸೋಮರ್‌ಫೆಲ್ಡ್ ಹುಡುಗನ ಕೊರತೆಯನ್ನು ಕಾಣದೆ ಹೋದರೇ? ಹೌದು ಎಂದೇ ನಾನು ಹೇಳುತ್ತೇನೆ. ಬಲವಾದ ಕಡೆಯಲ್ಲಿ ಓಡಲು ಬಿಟ್ಟ ಮೇಷ್ಟರು ದುರ್ಬಲವಾದ ಕಡೆಯಲ್ಲಿ ಹಿಡಿದು ಕೂರಿಸಲಿಲ್ಲ. ಆದರೆ ಈ ಘಟನೆ ನನ್ನ ವಾದವನ್ನು ಒಡೆಯುವುದಿಲ್ಲ, ಅದರ ಗಡಿಯನ್ನು ತೋರಿಸುತ್ತದೆ. ಆ ರಾತ್ರಿ ಹುಡುಗನಿಗೆ ಹೋಗಲು ಇನ್ನೊಂದು ಮನೆ ಇತ್ತಲ್ಲ, ಅದನ್ನು ಮೇಷ್ಟರು ಹಿಂದಿನ ಚಳಿಗಾಲದಲ್ಲೇ ತೆರೆಸಿಟ್ಟಿದ್ದರು. ಪರೀಕ್ಷೆಯ ಕೋಣೆಯಲ್ಲಿ ಕೊಡುವ ಬೆಂಬಲಕ್ಕಿಂತ ಇದು ದೂರ ಬಾಳಿತು.

ಗೌರವದ ಔಪಚಾರಿಕತೆಯ ಬಗ್ಗೆಯೂ ಒಂದು ಮಾತು. ಅವರಿಗೆ ‘ಗೆಹೈಮ್‌ರಾಟ್’ ಎಂಬ ಸರಕಾರಿ ಬಿರುದಿತ್ತು, ಅದನ್ನು ಹಿಡಿದೇ ಕರೆಯಬೇಕೆಂಬ ನಿರೀಕ್ಷೆಯೂ ಇತ್ತು. ಬರೀ ಪ್ರೊಫೆಸರ್ ಎನ್ನುತ್ತಿದ್ದ ಒಬ್ಬ ಅಮೆರಿಕನ್ ವಿದ್ಯಾರ್ಥಿ ಒಂದು ದಿನ ಬಿರುದು ಸೇರಿಸಿ ಕರೆದಾಗ, ನಿಮ್ಮ ಜರ್ಮನ್ ಸುಧಾರಿಸುತ್ತಿದೆ ಎಂದರಂತೆ. ಇಂಥ ಮನುಷ್ಯ ಸಮಾನರಂತೆ ಕಂಡರು ಎನ್ನುವುದು ಹೇಗೆ ಹೊಂದುತ್ತದೆ ಎಂದು ಕೇಳಬಹುದು. ನಮ್ಮ ಕಡೆಯ ಹಳೆಯ ಕಾಲೇಜುಗಳನ್ನು ಬಲ್ಲವರಿಗೆ ಇದು ಒಗಟಾಗಿ ಕಾಣಲಾರದು. ಎದ್ದು ನಿಂತು ಸಾರ್ ಎನ್ನುವ ಹುಡುಗನ ಪ್ರಶ್ನೆಗೆ ಕಿವಿಗೊಡುವ ಮೇಷ್ಟರೂ ಇರುತ್ತಾರೆ, ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿ ಪ್ರಶ್ನೆಯನ್ನು ಕೇಳಿಸಿಕೊಳ್ಳದವರೂ ಇರುತ್ತಾರೆ. ಸಲಿಗೆ ಬೇರೆ, ಮನ್ನಣೆ ಬೇರೆ. ಇದಕ್ಕೆ ಪೌಲಿಯೇ ಸಾಕ್ಷಿ. ಯಾರ ಉಪನ್ಯಾಸವನ್ನಾದರೂ ಮುಖಕ್ಕೆ ಹೊಡೆದಂತೆ ಟೀಕಿಸುತ್ತಿದ್ದ, ಬೋರ್‌ರನ್ನೂ ಬಿಡದಿದ್ದ ಪೌಲಿ, ತಾವೇ ಜ್ಯೂರಿಕ್‌ನಲ್ಲಿ ಪ್ರೊಫೆಸರರಾದ ಮೇಲೂ ಸೋಮರ್‌ಫೆಲ್ಡ್ ಎದುರಿಗೆ ಬಂದರೆ ಎದ್ದು ನಿಂತು ವಿನಯದಿಂದ ಹೂಂಗುಟ್ಟುತ್ತಿದ್ದುದನ್ನು ಅವರ ಸಹಾಯಕರು ಆಶ್ಚರ್ಯದಿಂದ ದಾಖಲಿಸಿದ್ದಾರೆ. ಭಯದಿಂದ ಬಂದ ವಿನಯ ಪೌಲಿಯಂಥವರಲ್ಲಿ ಅಷ್ಟು ವರ್ಷ ಉಳಿಯುವುದಿಲ್ಲ.

ಈ ಪದ್ಧತಿಯ ಒಂದು ಕಿಡಿ ನಮ್ಮ ನೆಲಕ್ಕೂ ಬಿದ್ದಿದೆ. ರಾಮನ್ ತಮ್ಮ ಶೋಧವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ವಿವರಿಸಿದ ವರ್ಷವೇ ಸೋಮರ್‌ಫೆಲ್ಡ್ ಭಾರತಕ್ಕೆ ಬಂದರು. ಕಲ್ಕತ್ತಾದಲ್ಲಿ ತರಂಗ ಯಂತ್ರವಿಜ್ಞಾನದ ಮೇಲೆ ಉಪನ್ಯಾಸ ಕೊಟ್ಟರು, ರಾಮನ್‌ರನ್ನು ಕಂಡರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರ ಮಾತು ಕೇಳಿದ ಹದಿನೆಂಟರ ವಿದ್ಯಾರ್ಥಿಯೊಬ್ಬ ಅವರು ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ, ನಿಮ್ಮ ಪರಮಾಣು ಪುಸ್ತಕ ಓದಿದ್ದೇನೆ ಎಂದ. ಆ ಪುಸ್ತಕ ಬರೆದಾದ ಮೇಲೆ ಎಲ್ಲವೂ ಬದಲಾಗಿದೆ ಎಂದು ಸೋಮರ್‌ಫೆಲ್ಡ್ ಹೇಳಿ, ಹೊಸ ಕ್ವಾಂಟಮ್ ಯಂತ್ರವಿಜ್ಞಾನದ ಬಗ್ಗೆ ವಿವರಿಸಿ, ಲೋಹಗಳ ಎಲೆಕ್ಟ್ರಾನ್ ಸಿದ್ಧಾಂತದ ತಮ್ಮ ಲೇಖನದ ಕರಡಚ್ಚನ್ನು, ಇನ್ನೂ ಪ್ರಕಟವಾಗದಿದ್ದುದನ್ನು, ಅವನ ಕೈಗೆ ಕೊಟ್ಟರು. ಆ ವಿದ್ಯಾರ್ಥಿ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅದರಿಂದ ಕಲಿತ ಹೊಸ ಸಂಖ್ಯಾಶಾಸ್ತ್ರವನ್ನು ಹಿಡಿದು ಬರೆದ ಲೇಖನ 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಶ್ವೇತಕುಬ್ಜ ನಕ್ಷತ್ರಗಳ ಮಿತಿಯನ್ನು ಕಂಡುಹಿಡಿಯಲು ಮುಂದೆ ಬೇಕಾದದ್ದೂ ಅದೇ ಸಂಖ್ಯಾಶಾಸ್ತ್ರ. ಚಂದ್ರಶೇಖರ್ ಮ್ಯೂನಿಕ್ಕಿನ ವಿದ್ಯಾರ್ಥಿಯಲ್ಲ, ಅವರಿಂದ ಸೋಮರ್‌ಫೆಲ್ಡರಿಗೆ ಆಗಬೇಕಾದದ್ದೂ ಏನಿರಲಿಲ್ಲ. ಹಾಗಾಗಿ ಶಿಷ್ಯರನ್ನು ಬೆಳೆಸಿದ್ದು ತಮ್ಮ ಕೆಲಸಕ್ಕೆ ಕೈಗಳು ಬೇಕಾಗಿದ್ದರಿಂದ ಎನ್ನುವವರಿಗೆ ಈ ಒಂದು ಭೇಟಿಯೇ ಉತ್ತರ.

ಕಟ್ಟಡವೂ ಪೀಠವೂ ಸಂಸ್ಥೆಯಲ್ಲ ಎಂದು ಮೊದಲಲ್ಲಿ ಹೇಳಿದ್ದಕ್ಕೆ ಪುರಾವೆ ಒದಗಿಸಿದ್ದು ದುರ್ದಿನಗಳು. 1933ರಲ್ಲಿ ನಾಜಿಗಳ ಕಾಯಿದೆಯಿಂದ ಟ್ಯೂಬಿಂಗೆನ್‌ನಲ್ಲಿ ಬೆಥೆಯ ಕೆಲಸ ಹೋಯಿತು. ಅದೇ ವರ್ಷ ಲೋಹಗಳ ಎಲೆಕ್ಟ್ರಾನ್ ಸಿದ್ಧಾಂತದ ಮೇಲೆ ಗುರು–ಶಿಷ್ಯರಿಬ್ಬರ ಹೆಸರಿನಲ್ಲಿ ಬಂದ ದೊಡ್ಡ ಗ್ರಂಥಭಾಗದಲ್ಲಿ ಮೊದಲ ಅಧ್ಯಾಯವೊಂದು ಮೇಷ್ಟರದು, ಉಳಿದದ್ದು ಬೆಥೆಯದು. ಕೆಲಸ ಕಳೆದುಕೊಂಡ ಶಿಷ್ಯರಿಗೆ ಹೊರದೇಶಗಳಲ್ಲಿ ನೆಲೆ ಹುಡುಕಲು ಸೋಮರ್‌ಫೆಲ್ಡ್ ಪತ್ರಗಳನ್ನು ಬರೆದರು. 1935ರಲ್ಲಿ ಅವರಿಗೆ ನಿವೃತ್ತಿಯ ವಯಸ್ಸಾದಾಗ ಪೀಠಕ್ಕೆ ಹೈಸೆನ್‌ಬರ್ಗ್ ಬರಬೇಕೆಂಬುದು ಅವರ ಬಯಕೆ. ‘ಜರ್ಮನ್ ಭೌತಶಾಸ್ತ್ರ’ ಎಂಬ ಹೆಸರಿನಲ್ಲಿ ಸಾಪೇಕ್ಷತೆಯನ್ನೂ ಕ್ವಾಂಟಮ್ ಸಿದ್ಧಾಂತವನ್ನೂ ಯೆಹೂದಿಗಳದೆಂದು ಹಳಿಯುತ್ತಿದ್ದ ಗುಂಪು ಅಡ್ಡ ಬಂತು. 1937ರ ಜುಲೈನಲ್ಲಿ ಎಸ್.ಎಸ್. ವಾರಪತ್ರಿಕೆ ಹೈಸೆನ್‌ಬರ್ಗ್‌ರನ್ನು ಬಿಳಿಯ ಯೆಹೂದಿ ಎಂದು ಬೈದು ಬರೆಯಿತು. ನಾಲ್ಕು ವರ್ಷ ಎಳೆದಾಡಿದ ಮೇಲೆ 1939ರ ಡಿಸೆಂಬರ್‌ನಲ್ಲಿ ಪೀಠ ಸಿಕ್ಕಿದ್ದು ವಾಯು ಚಲನಶಾಸ್ತ್ರದವರಾದ, ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಬರೆಯದ ವಿಲ್ಹೆಲ್ಮ್ ಮ್ಯೂಲರ್‌ಗೆ. ಅದೇ ಪೀಠ, ಅದೇ ಕಟ್ಟಡ. ಆದರೆ ಕ್ವಾಂಟಮ್ ಭೌತಶಾಸ್ತ್ರ ಕಲಿಯಲು ಜಗತ್ತಿನ ವಿದ್ಯಾರ್ಥಿಗಳು ಅಲ್ಲಿಗೆ ಬರುವ ಕಾಲ ಮುಗಿಯಿತು. ಮ್ಯೂನಿಕ್ ಪರಂಪರೆ ಆ ವರ್ಷಗಳಲ್ಲಿ ಬದುಕಿದ್ದದ್ದು ಜ್ಯೂರಿಕ್‌ನಲ್ಲಿ, ಕಾರ್ನೆಲ್‌ನಲ್ಲಿ, ಪಾಸಡೀನಾದಲ್ಲಿ, ಹೊರಟುಹೋದ ಶಿಷ್ಯರು ಇದ್ದಲ್ಲೆಲ್ಲ.

ಸೋಮರ್‌ಫೆಲ್ಡರ ಹೆಸರನ್ನು ನೊಬೆಲ್‌ಗೆ 84 ಸಲ ಸೂಚಿಸಲಾಗಿತ್ತು, ಪ್ರಶಸ್ತಿ ಬರಲಿಲ್ಲ. ಅಮೆರಿಕದ ಭೌತಶಾಸ್ತ್ರ ಶಿಕ್ಷಕರ ಸಂಘ 1949ರಲ್ಲಿ ಬೋಧನೆಗಾಗಿ ಕೊಡುವ ಓರ್‌ಸ್ಟೆಡ್ ಪದಕವನ್ನು ಅವರಿಗೆ ಕೊಟ್ಟಿತು. ಯುದ್ಧ ಮುಗಿದ ಮೇಲೆ ಮ್ಯೂಲರ್‌ರನ್ನು ತೆಗೆದು, 1947ರಲ್ಲಿ ಫ್ರಿಟ್ಸ್ ಬಾಪ್ ಅವರನ್ನು ಪೀಠಕ್ಕೆ ತಂದರು. ವೃದ್ಧ ಮೇಷ್ಟರು ತಮ್ಮ ಆರು ಸೆಮಿಸ್ಟರ್‌ಗಳ ಉಪನ್ಯಾಸಗಳನ್ನು ಆರು ಸಂಪುಟಗಳಾಗಿ ಅಚ್ಚಿಗೆ ಸಿದ್ಧಪಡಿಸುತ್ತಿದ್ದರು. 1951ರ ವಸಂತದಲ್ಲಿ ಮೊಮ್ಮಕ್ಕಳೊಂದಿಗೆ ನಡೆದು ಹೋಗುತ್ತಿದ್ದಾಗ ಕಾರೊಂದು ಡಿಕ್ಕಿ ಹೊಡೆದು, ಏಪ್ರಿಲ್ 26ರಂದು ತೀರಿಕೊಂಡರು. ಉಷ್ಣಶಾಸ್ತ್ರದ ಐದನೆಯ ಸಂಪುಟ ಮುಗಿದಿರಲಿಲ್ಲ. ಅದನ್ನು ಬಾಪ್ ಅವರೂ, 1931ರಲ್ಲಿ ಸೋಮರ್‌ಫೆಲ್ಡರ ಕೈಕೆಳಗೆ ಪಿಎಚ್.ಡಿ. ಮುಗಿಸಿದ್ದ ಜೋಸೆಫ್ ಮೈಕ್ಸ್‌ನರ್ ಅವರೂ ಟಿಪ್ಪಣಿಗಳನ್ನು ಹಿಡಿದು ಪೂರ್ತಿಮಾಡಿ, ಮರುವರ್ಷ ಮೇಷ್ಟರ ಹೆಸರಿನಲ್ಲೇ ಹೊರತಂದರು.